ಕೈಚಿತ್ರದ ಅನಿಮೇಷನ್‌ಗೂ ನೆರವು ಸಿಗಲಿ

ಮಕ್ಕಳಿಗಾಗಿ ಟಿವಿಯಲ್ಲಿ ಬರುವ ಹಲವು ಕಾರ್ಟೂನ್‌ಗಳ ಗುಣಮಟ್ಟ ಕುಸಿದಿರುವುದು ಬೇಸರದ ಸಂಗತಿ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು, ಅಂದರೆ ಸ್ಥಿರ ಚಿತ್ರಗಳು, ಓಡುತ್ತವೆ. ಕೈಯಿಂದ ಬರೆಯುವ ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್‌ಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬರೆಯಬೇಕು. ಹಣ ಸಾಲದಿದ್ದಾಗ ಚಿತ್ರಗಳು ಕಡಿಮೆಯಾಗಿ, ಮೈ ಅಲುಗದೆ ಬಾಯಿ ಮಾತ್ರ ಆಡುತ್ತದೆ. ಆದರೆ ಜಿಗಿಯುವ ಮುನ್ನ ಮೊಣಕಾಲು ಬಾಗುವ ಆ ಒಂದು ಭಂಗಿಯನ್ನು ನುರಿತ ಕಲಾವಿದ ಸರಿಯಾಗಿ ಹಿಡಿದರೆ, ಕೆಲವೇ ಚಿತ್ರಗಳಲ್ಲೂ ಪಾತ್ರಕ್ಕೆ ತೂಕ ಬರುತ್ತದೆ. ಇಂಥ ಹಿಡಿತ ವರ್ಷಗಟ್ಟಲೆ ಅಭ್ಯಾಸವಿಲ್ಲದೆ ಬರುವಂಥದ್ದಲ್ಲ. ಒಂದೇ ದೇಹದಲ್ಲಿ 18 ತೋಳುಗಳ ನಾಟ್ಯ ತೋರಿದ ಬಾದಾಮಿಯ ನಟರಾಜನಿರುವ ಜಿಲ್ಲೆ ನಮ್ಮದು. ಬಾಗಲಕೋಟೆ, ವಿಜಯಪುರದ ಚಿತ್ರಕಲಾ ಶಾಲೆಗಳಿಗೆ ಸರ್ಕಾರ ಲೈಟ್‌ಬಾಕ್ಸ್ (ಹಾಳೆಯ ಮೇಲೆ ಹಾಳೆಯಿಟ್ಟು ಚಿತ್ರ ಬರೆಯಲು ಕೆಳಗಿನಿಂದ ಬೆಳಕು ಕೊಡುವ ಪೆಟ್ಟಿಗೆ) ಒದಗಿಸಿ, ವಿದ್ಯಾರ್ಥಿಗಳು ಕೈಯಿಂದ ಬರೆದ ಒಂದೆರಡು ನಿಮಿಷದ ಕಿರುಚಿತ್ರಗಳಿಗೆ ಸಹಾಯಧನ ನೀಡಲಿ.

— ಓದುಗ, ಬಾಗಲಕೋಟೆ