ಸೂಟ್‌ಕೇಸಿನಿಂದ ತೆಗೆದಿಟ್ಟ ಸೀಸೆ

ಪುಟ್ಟಿ,

ನೀನು ಹೋಗಿ ಹನ್ನೊಂದು ದಿನ ಆಯಿತು. ಫೋನಿನಲ್ಲಿ "ಹ್ಞೂಂ", "ಊಟ ಆಯ್ತು" ಬಿಟ್ಟರೆ ಮೂರನೇ ಮಾತಿಲ್ಲ. ಆ ರಾತ್ರಿಯ ಜಗಳದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟಿಗೆ ಜಾಗ ಮಾಡಲು ನಿನ್ನನ್ನು ಕೇಳದೆ ನಿನ್ನ ಸೆಂಟಿನ ಸೀಸೆ ತೆಗೆದಿಟ್ಟದ್ದು ನನ್ನ ತಪ್ಪು.

ನಿನ್ನೆ ಬೀರು ಒರೆಸುವಾಗ ಅದು ಕೈಗೆ ಸಿಕ್ಕಿತು. ಮಣಿಕಟ್ಟಿಗೆ ಒಂದು ಸಲ, ಸೆರಗಿಗೆ ಒಂದು ಸಲ ಒತ್ತಿದೆ. ಯಾರೋ ಮೂಗಿನ ಹತ್ತಿರವೇ ಕಿತ್ತಳೆ ಸಿಪ್ಪೆ ಹಿಂಡಿದ ಹಾಗಾಯಿತು! ಮೊದಲು ಸಿಪ್ಪೆಯ ಒಗರು, ಆಮೇಲೆ ನಿಂಬೆ, ಅದರ ಹಿಂದೆಯೇ ಹಸಿ ಎಲೆ ಹೊಸಕಿದ ವಾಸನೆ. ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ, ಇಲ್ಲಿದೆ ಅನ್ನುವಷ್ಟರಲ್ಲಿ ಇನ್ನೆಲ್ಲೋ. ಒಬ್ಬಳೇ ನಕ್ಕೆ. ಕೈ ಮೇಲಿನದು ಬೇಗ ಹೋಯಿತು, ಸೆರಗಿನದು ಸಂಜೆವರೆಗೂ ಇತ್ತು.

ವಿರಾಜಪೇಟೆಯ ಅಜ್ಜಿ ಮನೆ ನಿನಗೆ ಎಷ್ಟು ನೆನಪಿದೆಯೋ. ಕಾಫಿ ಗಿಡಗಳ ನಡುವೆ ಆಗ ಇನ್ನೂ ಕಿತ್ತಳೆ ಮರಗಳಿದ್ದವು. ಆಮೇಲೆ ರೋಗ ಬಂದು ಒಂದೊಂದಾಗಿ ಒಣಗಿದವು. ನಿನಗೆ ಆರು ವರ್ಷ. ಮಳೆ, ಕರೆಂಟಿಲ್ಲ, ಜಗಲಿಯಲ್ಲಿ ದೀಪ. ನೀನು ಸಿಪ್ಪೆಯನ್ನು ಮಡಚಿ ದೀಪದ ಕುಡಿಗೆ ಹಿಂಡಿದೆ. ಚಟಪಟ ಕಿಡಿ ಹಾರಿತು. ಕೇಕೆ ಹಾಕಿ ಇನ್ನೊಮ್ಮೆ ಹಿಂಡಿದೆ. ನಿನ್ನ ಬಿಚ್ಚುಗೂದಲು ದೀಪದಿಂದ ಒಂದು ಗೇಣು ದೂರವೂ ಇರಲಿಲ್ಲ. ನಾನು ಓಡಿಬಂದು ಹೊಡೆದೆ. ಬೆನ್ನಿಗಲ್ಲ, ಕೆನ್ನೆಗೆ. ಎಲ್ಲರೆದುರಿಗೆ. ನೀನು ಅತ್ತು ಅತ್ತು ಮಲಗಿದ ಮೇಲೆ ನಿನ್ನ ಬೆರಳುಗಳನ್ನು ಮೂಸುತ್ತಾ ಕೂತಿದ್ದೆ. ರಾತ್ರಿಯಿಡೀ ಅದೇ ಘಮ. ಬೆಂಕಿ ತಗುಲಿದ್ದರೆ ಅನ್ನುವ ಭಯ ಈಗಲೂ ಹೋಗಿಲ್ಲ. ಆದರೆ ದೀಪ ಆಚೆ ಸರಿಸಿದ್ದರೆ ಸಾಕಿತ್ತಲ್ಲ? ಹೊಡೆಯಬೇಕಿತ್ತೇ? ಆ ಕಿಡಿ ಎಷ್ಟು ಚೆನ್ನಾಗಿತ್ತು ಎಂದು ಅವತ್ತು ನಾನು ಹೇಳಲಿಲ್ಲ. ಚೆನ್ನಾಗಿತ್ತು, ಪುಟ್ಟಿ.

ಸೀಸೆಯ ಡಬ್ಬಿಯ ಮೇಲೆ ಲಿಮೊನೀನ್ ಎಂದು ಬರೆದಿದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದು ಅದೇ. ಹಗುರ, ಬೇಗ ಆವಿಯಾಗುತ್ತದೆ, ಬೆಂಕಿ ಕಂಡರೆ ಹತ್ತಿಕೊಳ್ಳುತ್ತದೆ. ಅವತ್ತಿನ ಕಿಡಿಯೂ ಇದೇ, "ಅರ್ಧ ಗಂಟೆಯಲ್ಲಿ ಹಾರಿಹೋಗುವ ವಾಸನೆ" ಎಂದು ಜಗಳದಲ್ಲಿ ನಾನು ಹಂಗಿಸಿದ್ದೂ ಇದನ್ನೇ.

ನೀನಿರುವ ಜರ್ಮನಿಯ ಊರಿನ ಹೆಸರೇ ಕಲೋನ್, ಇಂಥ ಸೆಂಟಿಗೂ ಅದೇ ಹೆಸರು ಎಂಬುದು ಈಗ ತಲೆಗೆ ಹೋಯಿತು. ಇಟಲಿಯಿಂದ ಅಲ್ಲಿಗೆ ಬಂದ ಯೋಹಾನ್ ಮರಿಯ ಫರೀನ 1708ರಲ್ಲಿ ತನ್ನ ಅಣ್ಣನಿಗೆ ಪತ್ರ ಬರೆದನಂತೆ: ಮಳೆ ನಿಂತ ಮೇಲಿನ ಇಟಲಿಯ ಬೆಳಗನ್ನು, ಕಿತ್ತಳೆ ಹೂವನ್ನು ನೆನಪಿಸುವ ಪರಿಮಳವೊಂದು ಸಿಕ್ಕಿದೆ ಎಂದು. ಅದಕ್ಕೆ ತಾನು ಸೇರಿದ ಊರಿನ ಹೆಸರನ್ನೇ ಇಟ್ಟ. ಅಲ್ಲಿ ಅವನ ಮನೆ ಈಗ ಮ್ಯೂಸಿಯಂ ಆಗಿದೆ, ಒಂದು ಭಾನುವಾರ ಹೋಗಿ ಬಾ. ಪರ ಊರಿನಲ್ಲಿ ಕೂತು ತವರಿನ ಮಳೆ ನೆನೆದವನು ಅವನು. ನನ್ನ ಮಗಳು ತಾನೇ ದುಡಿದು, ತಾನೇ ಸೀಟು ಗಿಟ್ಟಿಸಿ ಆ ಊರಿಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿದ್ದೇನೆ.

ಒಂದು ಮಾತು. ಅಲ್ಲಿ ಇಂಥದ್ದು ಕೊಂಡರೆ ಬಿಸಿಲಿಗೆ ಹೋಗುವ ಮುಂಚೆ ಚರ್ಮಕ್ಕೆ ಹಾಕಬೇಡ. ಇದಕ್ಕೆ ಹಾಕುವ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದರೆ ಚರ್ಮ ಸುಟ್ಟು ಕಪ್ಪು ಕಲೆ ಮಾಡುತ್ತದೆ. ಈಗ ಅದನ್ನು ತೆಗೆದೂ ಬಳಸುತ್ತಾರಂತೆ, ಆದರೂ ಬಟ್ಟೆಗೇ ಹಾಕಿಕೋ. ಕಿಟಕಿಯಲ್ಲಿ ಇಡಬೇಡ, ಬೆಳಕಿಗೆ ಕೆಡುತ್ತದೆ. ರೂಮಿನಲ್ಲಿ ಮೇಣದ ಬತ್ತಿ ಹಚ್ಚಿದರೆ ಕೂದಲು ಕಟ್ಟಿಕೋ. ರಾತ್ರಿ ಟ್ರಾಮಿನಲ್ಲಿ ಒಬ್ಬಳೇ... ಇರಲಿ ಬಿಡು, ಶುರುವಾಯಿತು ನನ್ನದು.

ನಿನ್ನ ಸೀಸೆಯನ್ನು ಬೀರುವಿನಲ್ಲಿ, ನನ್ನ ಧಾರೆ ಸೀರೆಯ ಮಡಿಕೆಯೊಳಗೆ ಕತ್ತಲಲ್ಲಿ ಇಟ್ಟಿದ್ದೇನೆ. ಡಿಸೆಂಬರಿಗೆ ಬಂದಾಗ ತೆಗೆದುಕೊಂಡು ಹೋಗು. ಮೆಂತ್ಯದ ಹಿಟ್ಟಿನ ಡಬ್ಬಿಗೆ ಒದ್ದೆ ಚಮಚ ಹಾಕಬೇಡ.

ಅಮ್ಮ