ಆರೋಪಿಗಳ ಮುಖ ಯಾಕೆ ಅಚ್ಚು ಹಾಕುತ್ತೀರಿ?

ಮಾನ್ಯ ಸಂಪಾದಕರೆ,

ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಒಂದೇ ಫೋಟೊ ಬರುತ್ತದೆ. ಮುಖಗಳು ಮಾತ್ರ ಬೇರೆ. ಮೇಜಿನ ಮೇಲೆ ಸರ, ಬಳೆ, ಮೊಬೈಲುಗಳನ್ನು ಒಡವೆ ಅಂಗಡಿಯವರಿಗಿಂತ ಓರಣವಾಗಿ ಹರಡಿರುತ್ತಾರೆ. ಹಿಂದೆ ಟೋಪಿ ಸರಿಮಾಡಿಕೊಂಡ ಅಧಿಕಾರಿಗಳು. ಮುಂದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತ ಇಬ್ಬರೋ ಮೂವರೋ. ಕೆಳಗೆ ಅವರ ಹೆಸರು, ವಯಸ್ಸು, ಊರು.

ನಾನು ತಿಪಟೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡು ಬದುಕಿದವನು. ಠಾಣೆಯಿಂದ ಹೇಳಿಕಳಿಸಿದರೆ ಫ್ಲ್ಯಾಷು ಹೊತ್ತು ಹೋಗುತ್ತಿದ್ದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಕೈಯಲ್ಲಿ ಹೆಸರು ಬರೆದ ಸ್ಲೇಟು. ಆ ಫೋಟೊಗಳು ಠಾಣೆಯ ಕಡತ ಸೇರುತ್ತಿದ್ದವು. ಊರವರ ಬೆಳಗಿನ ಕಾಫಿಗೆ ಜೊತೆಯಾಗುತ್ತಿರಲಿಲ್ಲ.

ಇದನ್ನು ಬರೆಯುವ ಮನಸ್ಸಾದದ್ದು ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಚಿತ್ರಗಳ ಪುಸ್ತಕವೊಂದನ್ನು ಮಗಳು ತಂದುಕೊಟ್ಟ ಮೇಲೆ. ಬರೋಡದಲ್ಲಿ ಶಿಲ್ಪಕಲೆ ಕಲಿತವರು ಅವರು. ಆಮೇಲೆ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಂತರು. ಬೆಂಗಳೂರಿನಲ್ಲೇ ನೆಲೆಸಿರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ, ಆದಿಲ್‌ಶಾಹಿ ಬಿಜಾಪುರದ ಚಿತ್ರದಿಂದ ಎದ್ದು ಬಂದ ಯೋಗಿನಿಯಾಗುತ್ತಾರೆ. ಬಣ್ಣ ಬಳಿದ ಪರದೆ, ಬಾಡಿಗೆ ಒಡವೆಯಂತೆ ಕಾಣುವ ಒಡವೆ, ಎಲ್ಲ ನನ್ನ ಕಸುಬಿನವೇ. ನೋಡಿ ನಕ್ಕೆ. ನಮ್ಮ ಸ್ಟುಡಿಯೊ ಪರದೆಯ ಮೇಲೂ ಒಂದು ತಾಜ್‌ಮಹಲ್ ಇತ್ತು. ಅದರ ಮುಂದೆ ನಿಂತು ಫೋಟೊ ತೆಗೆಸಿ ಗಂಡಿನ ಕಡೆಯವರಿಗೆ ಕಳಿಸಿದ ಹುಡುಗಿಯರೆಷ್ಟೋ.

ಪುಟ ತಿರುವಿದರೆ ಅದೇ ಲಕ್ಷ್ಮಿ ಕಳ್ಳಿ. ಪತ್ರಿಕೆಯಲ್ಲಿ ಬಂದಿದ್ದ ಬಂಧಿತ ಹೆಂಗಸರ ಫೋಟೊವನ್ನೇ ಇಟ್ಟುಕೊಂಡು ಮಾಡಿದ ಚಿತ್ರ ಅದು. ಹೆಸರು 'ಕ್ರಿಮಿನಲ್ಸ್'. ಮತ್ತೊಂದರಲ್ಲಿ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸು, ಹಿಂದೆ ಚೌಕಳಿ ಪರದೆ. ಈ ಚೌಕಳಿ 1869ರಲ್ಲಿ ಲ್ಯಾಂಪ್ರೆ ಎಂಬ ಇಂಗ್ಲಿಷರವನು ಹೇಳಿಕೊಟ್ಟ ಉಪಾಯ: ಎರಡೆರಡು ಅಂಗುಲಕ್ಕೆ ದಾರ ಕಟ್ಟಿ ಅದರ ಮುಂದೆ ಬೆತ್ತಲೆ ಮನುಷ್ಯನನ್ನು ನಿಲ್ಲಿಸಿದರೆ ಮೈಯಳತೆ ಫೋಟೊದಲ್ಲೇ ಸಿಗುತ್ತದೆ. ಎರಡೇ ವರ್ಷಕ್ಕೆ, 1871ರಲ್ಲಿ, ಇಡೀ ಜಾತಿಗಳನ್ನೇ ಹುಟ್ಟಾ ಅಪರಾಧಿಗಳೆಂದು ಬರೆದುಕೊಳ್ಳುವ ಕಾಯ್ದೆಯೂ ಬಂತು. ಹೋದದ್ದು 1952ರಲ್ಲಿ. ಪುಷ್ಪಮಾಲಾ ಭಾಷಣ ಬಿಗಿಯುವುದಿಲ್ಲ. ಲಕ್ಷ್ಮಿಗೂ ಕಳ್ಳಿಗೂ ಒಂದೇ ಮುಖ ಕೊಟ್ಟು ಸುಮ್ಮನೆ ನಿಲ್ಲುತ್ತಾರೆ. ನಗು ಅರ್ಧಕ್ಕೇ ನಿಂತುಬಿಡುತ್ತದೆ.

ನಮ್ಮೂರಿನಲ್ಲಿ ಒಬ್ಬ ಹುಡುಗ, ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು, ಬೈಕ್ ಕಳವಿನ ಗುಂಪಿನಲ್ಲಿ ಹೀಗೇ ಕುಕ್ಕರಗಾಲಲ್ಲಿ ಕೂತು ಪತ್ರಿಕೆಗೆ ಬಂದ. ಯಾವ ಪತ್ರಿಕೆ ಎಂಬುದು ಬೇಡ. ಕೋರ್ಟು ಅವನನ್ನು ಬಿಟ್ಟಿತು. ಬಿಟ್ಟ ಸುದ್ದಿಗೆ ಫೋಟೊ ಇರಲಿಲ್ಲ, ಸುದ್ದಿಯೇ ಇರಲಿಲ್ಲ. ಅವನ ಅಕ್ಕನ ಸಂಬಂಧ ಮುರಿದುಬಿತ್ತು. ಗಂಡಿನ ಕಡೆಯವರು ಪತ್ರಿಕೆಯ ಆ ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರಂತೆ.

ಹದಿನೆಂಟು ತುಂಬದವರ ಗುರುತು ಹಾಕುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ನೀವೂ ಪಾಲಿಸುತ್ತೀರಿ. ದೊಡ್ಡವರ ವಿಷಯದಲ್ಲಿ ಕರುಣೆ ಬೇಡವೆನ್ನುವವರು ಪೊಲೀಸರ ದೃಷ್ಟಿಯಿಂದಲಾದರೂ ಯೋಚಿಸಲಿ. ಸಾಕ್ಷಿಯ ಮುಂದೆ ನಾಲ್ಕಾರು ಜನರನ್ನು ಸಾಲಾಗಿ ನಿಲ್ಲಿಸಿ 'ಇವರಲ್ಲಿ ಯಾರು?' ಎಂದು ಕೇಳುವ ಗುರುತು ಪತ್ತೆ ಪರೇಡ್ ಇದೆಯಲ್ಲ, ಅದಕ್ಕೂ ಮೊದಲೇ ಮುಖ ಪತ್ರಿಕೆಯಲ್ಲಿ ಬಂದರೆ ಆ ಪರೇಡಿಗೆ ಬೆಲೆಯೇನು? ನಿಜವಾದ ಕಳ್ಳನ ವಕೀಲನಿಗೆ ಅಷ್ಟು ಸಾಕು.

ಆದ್ದರಿಂದ ಕೋರ್ಟು ತೀರ್ಪು ಕೊಡುವ ತನಕ ಕೂತವರ ಮುಖ ಹಾಕಬೇಡಿ. ಮೇಜಿನ ಮೇಲಿನ ಒಡವೆ ಹಾಕಿ, ಕಳೆದುಕೊಂಡವರಿಗೆ ಗುರುತು ಸಿಕ್ಕೀತು. ಹಿಂದೆ ನಿಂತ ಅಧಿಕಾರಿಗಳ ಫೋಟೊ ಬೇಕಾದರೆ ದೊಡ್ಡದಾಗಿಯೇ ಬರಲಿ. ಅವರು ಹೇಗೂ ತಲೆ ಬಾಚಿಕೊಂಡೇ ಬಂದಿರುತ್ತಾರೆ.

– ನಿವೃತ್ತ ಸ್ಟುಡಿಯೊ ಛಾಯಾಗ್ರಾಹಕ, ತಿಪಟೂರು