ಆ ಇಸ್ತ್ರಿ ಮಾಡಿದ ಶರ್ಟಿನ ಸಾಲು

ಪ್ರೀತಿಯ ಮಗಳೇ,

ಕರ್ತನ ಹೆಸರಿನಲ್ಲಿ ನಿನಗೂ ಮನೆಯವರೆಲ್ಲರಿಗೂ ವಂದನೆಗಳು. ನೀನು ಕಳಿಸಿದ ಮೂರೂ ಬರಹ ಓದಿದೆ. ಧೈರ್ಯದ ಬಗ್ಗೆ ಒಂದು, ಕೋಪದ ಬಗ್ಗೆ ಒಂದು, ಕಾಯುವುದರ ಬಗ್ಗೆ ಒಂದು. "ದಿನಾ ಬೆಳಿಗ್ಗೆ ಆರು ಗಂಟೆಗೆ ಚರ್ಚ್ ಸಭೆಯ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಎಲ್ಲರೂ ಕೈಮುಗಿಯುವ ಚಿತ್ರ ಕಳಿಸುತ್ತಾರೆ, ಆದರೆ ಯಾರಾದರೂ ನಿಜವಾಗಿ ಓದುತ್ತಾರಾ ಗೊತ್ತಿಲ್ಲ, ಮುಲಾಜು ನೋಡದೆ ಹೇಳಿ ಆಂಟಿ" ಅಂತ ಬರೆದಿದ್ದೀಯ. ಹೇಳುತ್ತೇನೆ. ಬೆಳಿಗ್ಗೆ ಎದ್ದು ಮೊದಲು ಫೋನ್ ಕೈಗೆತ್ತಿಕೊಳ್ಳುವ ಒಬ್ಬರಿಗೆ ಆ ದಿನ ಕಳೆಯುವಷ್ಟು ಬಲ ಕೊಡುವುದು ಸಣ್ಣ ಕೆಲಸ ಅಲ್ಲ. ಅದಕ್ಕೇ ಹೇಳುತ್ತೇನೆ.

ಮೂರನೇ ಬರಹದಲ್ಲಿ ಒಂದು ಸಾಲಿದೆ. ಕೆಲಸ ಹೋಗಿ ಎಂಟು ತಿಂಗಳಾದರೂ ಅಪ್ಪ ದಿನಾ ಬೆಳಿಗ್ಗೆ ಶರ್ಟ್ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಾರೆ, ಅಂತ. ಅದನ್ನು ಓದಿ ನಾನು ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಮನುಷ್ಯ ನನಗೆ ಕಂಡರು. ಹೋಗಬೇಕಾದ ಜಾಗ ಇಲ್ಲ, ಆದರೂ ಕಾಲರ್ ಸರಿಮಾಡಿಕೊಳ್ಳುತ್ತಿದ್ದಾರೆ. ಆದರೆ ನೀನು ಅಲ್ಲಿ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲೇ ಒಂದು ಬಾಗಿಲು ಮುಚ್ಚಿದರೆ ದೇವರು ಇನ್ನೊಂದು ತೆರೆಯುತ್ತಾನೆ ಅಂದೆ, ಆಮೇಲೆ ಯೆರೆಮೀಯ ಪ್ರವಾದಿಯ ವಚನ, ಆಮೇಲೆ ಮೂರು ಆಶೀರ್ವಾದ, ಆಮೆನ್. ಅಪ್ಪ ಎಲ್ಲಿ ಹೋದರು? ಬರಹ ಮುಗಿಯುವವರೆಗೂ ನಾನು ಅವರನ್ನೇ ಹುಡುಕುತ್ತಿದ್ದೆ.

ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ. ವಚನಕ್ಕೆ ಓಡುವ ಮೊದಲು ಮನುಷ್ಯರ ಹತ್ತಿರ ಸ್ವಲ್ಪ ಹೊತ್ತು ಕೂತ್ಕೋ.

ಇದನ್ನು ನಾನು ಕಲಿತದ್ದು ಒಬ್ಬರನ್ನು ನೋಯಿಸಿ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಸಭೆಯ ಮಾಸಪತ್ರಿಕೆಯಲ್ಲಿ ಒಂದು ಪುಟ ನನ್ನದಾಗಿತ್ತು. ನಮ್ಮಲ್ಲೇ ಒಬ್ಬ ತಾಯಿ ಆರು ವರ್ಷದ ಮಗನನ್ನು ಜ್ವರದಲ್ಲಿ ಕಳೆದುಕೊಂಡಿದ್ದಳು. ಆ ತಿಂಗಳ ಪುಟದಲ್ಲಿ ನಾನು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂದು ಬರೆದೆ. ರೋಮಾಪುರದವರಿಗೆ ಬರೆದ ಪತ್ರದ ಮಾತು, ಸತ್ಯವಾದ ಮಾತು, ಅದರಲ್ಲಿ ಸಂದೇಹ ಇಲ್ಲ. ಹೆಸರು ಹಾಕಿರಲಿಲ್ಲ, ಆದರೆ ಯಾರಿಗೆ ಬರೆದದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಎರಡು ವಾರ ಬಿಟ್ಟು ಆರಾಧನೆ ಮುಗಿದ ಮೇಲೆ ಆಕೆ ನನ್ನ ಕೈ ಹಿಡಿದು, "ಅಕ್ಕಾ, ನೀವು ಬರೆದದ್ದು ಓದಿದೆ. ಆಮೇಲೆ ಅಳೋದಕ್ಕೂ ನಾಚಿಕೆ ಆಗ್ತಿದೆ" ಅಂದಳು. ಕೋಪ ಇರಲಿಲ್ಲ ಆ ಮಾತಿನಲ್ಲಿ. ಅದೇ ನನಗೆ ತಡೆಯಲಾಗಲಿಲ್ಲ. ಆ ತಿಂಗಳು ಪೂರ್ತಿ ಅವಳ ಮನೆಗೆ ಸರದಿಯ ಮೇಲೆ ಅನ್ನ ಸಾರು ಒಯ್ದ ಹೆಂಗಸರು ಇದ್ದರು, ಒಂದು ವಚನವನ್ನೂ ಹೇಳದೆ ಪಾತ್ರೆ ತೊಳೆದಿಟ್ಟು ಬಂದವರು. ಅವರು ಬರೆಯುವವರಲ್ಲ. ಆದರೆ ಧೈರ್ಯ ಹೇಳುವುದು ಹೇಗೆ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಸತ್ಯವೇದವನ್ನೇ, ಅಂದರೆ ಬೈಬಲನ್ನೇ, ಬೇರೆ ರೀತಿ ಓದಲು ಶುರುಮಾಡಿದೆ. ನೀನು ಧೈರ್ಯದ ಬರಹದಲ್ಲಿ ಬಳಸಿದ ವಚನವನ್ನೇ ತೆಗೆದುಕೋ. ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕನೇ ಅಧ್ಯಾಯ, ಹದಿಮೂರನೇ ವಚನ. ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ಮಾತು. ಕ್ಯಾಲೆಂಡರಿನಲ್ಲಿದೆ, ಆಟೋ ಹಿಂದೆ ಇದೆ, ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ಸಿಲ್ ಡಬ್ಬಿಯ ಮೇಲೂ ಇದೆ. ಅದರ ಹಿಂದಿನ ಎರಡು ವಚನ ಎಷ್ಟು ಜನ ಓದುತ್ತಾರೆ ಹೇಳು. ಹೊಟ್ಟೆ ತುಂಬಿದ್ದಾಗ ಇರುವುದನ್ನೂ ಹಸಿದಿರುವುದನ್ನೂ ಕಲಿತುಕೊಂಡಿದ್ದೇನೆ ಅಂತ ಆ ಪತ್ರ ಬರೆದ ಪೌಲ ಅಲ್ಲಿ ಹೇಳುತ್ತಾನೆ. ಕಲಿತುಕೊಂಡಿದ್ದೇನೆ ಅನ್ನುತ್ತಾನೆ, ನೋಡು. ಅಂದರೆ ಒಂದು ಕಾಲದಲ್ಲಿ ಬರುತ್ತಿರಲಿಲ್ಲ. ಬರೆಯುವಾಗ ಸೆರೆಯಲ್ಲಿದ್ದಾನೆ. ಆ ಬಲ ಗೆಲ್ಲುವುದಕ್ಕಿಂತ ಮೊದಲು ಹಸಿವಿನಲ್ಲೂ ಕಹಿಯಾಗದೆ ಇರುವುದಕ್ಕೆ ಬೇಕಾದ ಬಲ. ನಿನ್ನ ಅಪ್ಪನಿಗೆ ಈಗ ಬೇಕಾಗಿರುವುದು ಅದೇ ಅಲ್ವಾ?

ಆ ಪತ್ರವನ್ನು ಒಂದೇ ಸಲ ಕೂತು ಪೂರ್ತಿ ಓದು. ನಾಲ್ಕೇ ಅಧ್ಯಾಯ, ಅರ್ಧ ಗಂಟೆಯೂ ಬೇಡ. ಧೈರ್ಯ ಹೇಳುವ ಬರಹ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ. ಸಂತೋಷಪಡಿರಿ, ಸಂತೋಷಪಡಿರಿ ಅಂತ ಮತ್ತೆ ಮತ್ತೆ ಬರುತ್ತದೆ. ಅದೇ ಪತ್ರದಲ್ಲಿ ಎಪಫ್ರೊದೀತ ಅನ್ನುವವನು ಕಾಯಿಲೆ ಬಿದ್ದು ಸಾಯುವ ಹಾಗಿದ್ದ, ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅಂತಲೂ ಇದೆ. ಇನ್ನೊಂದು ಕಡೆ ಅಳುತ್ತಾ ಹೇಳುತ್ತಿದ್ದೇನೆ ಅನ್ನುತ್ತಾನೆ. ಇನ್ನೂ ಗುರಿ ಮುಟ್ಟಿಲ್ಲ ಅಂತಲೂ ಒಪ್ಪಿಕೊಳ್ಳುತ್ತಾನೆ. ಫಿಲಿಪ್ಪಿ ಊರಿನವರಿಗೆ ಈತ ಗೊತ್ತಿದ್ದವನು. ಅವರ ಊರಿನ ಸೆರೆಮನೆಯಲ್ಲೇ ಏಟು ತಿಂದು ನಡುರಾತ್ರಿ ಹಾಡಿದವನು. ಅವರು ಕಷ್ಟದಲ್ಲೂ ಇವನಿಗೆ ಸಹಾಯ ಕಳಿಸಿದವರು. ಇಷ್ಟು ಬಳಕೆ ಇರುವುದರಿಂದ ಸಂತೋಷಪಡಿರಿ ಅಂದರೆ ಅವರಿಗೆ ಕೇಳಿಸುತ್ತದೆ.

ನಾವು ಇಂಗ್ಲಿಷಿನಲ್ಲಿ ಆಟಿಟ್ಯೂಡ್ ಅನ್ನುತ್ತೇವಲ್ಲ, ಅದಕ್ಕೆ ನಮ್ಮ ಸತ್ಯವೇದದಲ್ಲಿ ಇರುವುದು ಮನಸ್ಸು ಅನ್ನುವ ಮಾತು. ಕ್ರಿಸ್ತನಲ್ಲಿದ್ದ ಮನಸ್ಸೇ ನಿಮ್ಮಲ್ಲೂ ಇರಲಿ ಅಂತ ಎರಡನೇ ಅಧ್ಯಾಯದಲ್ಲಿ. ಅದು ಎಂಥ ದೊಡ್ಡ ಭಾಗ, ತನ್ನನ್ನೇ ಬರಿದು ಮಾಡಿಕೊಂಡು ದಾಸನಾದವನ ವಿಷಯ. ಅಷ್ಟು ಎತ್ತರದ ಮಾತು ಆಡಿದವನು ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಆ ಸಭೆಯ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಿನಿಂದಿರಿ ಅಂತ ಕೇಳಿಕೊಳ್ಳುತ್ತಾನೆ. ಏನು ಜಗಳ ಅಂತ ಬರೆದಿಲ್ಲ. ಬೇಕಾಗಿಯೂ ಇಲ್ಲ, ಗಾಯನ ತಂಡದಲ್ಲಿ ಮುಂದಿನ ಸಾಲಿಗೆ ಯಾರು, ಕ್ರಿಸ್ಮಸ್ ಊಟದ ಲೆಕ್ಕ ಯಾರ ಕೈಯಲ್ಲಿ ಅನ್ನುವುದೆಲ್ಲ ನೋಡಿದ ನಮಗೆ ಅರ್ಥ ಆಗುತ್ತದೆ. ಮನಸ್ಸು ಬದಲಾಗಬೇಕಾದ್ದು ಅಲ್ಲಿ. ನಿನ್ನ ಬರಹವೂ ಅಲ್ಲಿಗೆ ಹೋಗಬೇಕು.

ಈಗ ಕೋಪದ ಬರಹಕ್ಕೆ ಬರುತ್ತೇನೆ. ಕೋಪ ಆತ್ಮೀಕ ಜೀವಿತಕ್ಕೆ ಅಡ್ಡಿ, ಕೋಪವನ್ನು ಕರ್ತನ ಪಾದದಲ್ಲಿ ಇಟ್ಟುಬಿಡಿ, ಜಯಜೀವಿತ ನಿಮ್ಮದಾಗುತ್ತದೆ ಅಂತ ಬರೆದಿದ್ದೀಯ. ತಪ್ಪೇನಿಲ್ಲ. ಆದರೆ ಓದಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆ, ಎಂಟೂ ಮುಕ್ಕಾಲಾದರೂ ಮಗುವಿನ ಒಂದು ಶೂ ಸಿಗುತ್ತಿಲ್ಲ, ಕುಕ್ಕರ್ ಕೂಗುತ್ತಿದೆ, ತಾಯಿ ಮಗುವಿಗೆ ಬೈದು, ಕೈ ಹಿಡಿದು ಎಳೆದುಕೊಂಡು ಹೋಗಿ, ದೇವಾಲಯದ ಬಾಗಿಲಲ್ಲಿ ಎಲ್ಲರಿಗೂ ನಗುನಗುತ್ತಾ ಸ್ತೋತ್ರ ಹೇಳುತ್ತಾಳೆ. ಪಕ್ಕದಲ್ಲಿ ಮಗು ಇನ್ನೂ ಬಿಕ್ಕುತ್ತಿದೆ. ಇದನ್ನು ಬರೆ. ಮೊದಲ ಹಾಡು ನಡೆಯುವಾಗ ಅವಳು ಬಗ್ಗಿ ಮಗುವಿನ ಲೇಸ್ ಕಟ್ಟುತ್ತಾ, ತಪ್ಪಾಯ್ತು ಕಂದಾ ಅಂದಳು ಅಂತ ಬರೆ. ಅಷ್ಟೇ ಸಾಕು. ಅಂದಿನಿಂದ ಅವಳು ಕೋಪ ಮಾಡಿಕೊಂಡಿಲ್ಲ ಅಂತ ಮಾತ್ರ ದಯವಿಟ್ಟು ಬರೀಬೇಡ. ಮುಂದಿನ ಭಾನುವಾರವೂ ಶೂ ಕಳೆಯುತ್ತದೆ, ಅವಳು ಬೈಯಲೂಬಹುದು, ಆದರೆ ತಪ್ಪಾಯ್ತು ಅನ್ನುವ ಮಾತು ಈ ಸಲ ದೇವಾಲಯಕ್ಕೆ ಹೋಗುವ ಮೊದಲೇ, ಮನೆಯಲ್ಲೇ ಬರಬಹುದು. ನಮ್ಮಲ್ಲಿ ಬೆಳವಣಿಗೆ ಹೆಚ್ಚಾಗಿ ಇಷ್ಟಿಷ್ಟೇ. ಇದನ್ನು ನಿಜವಾಗಿ ಬರೆಯುವವರು ಕಡಿಮೆ. ಸಾಕ್ಷಿ ಹೇಳುವಾಗ ಎಲ್ಲರಿಗೂ ಪೂರ್ತಿ ಗೆದ್ದ ಕಥೆಯೇ ಬೇಕು. ಅರ್ಧ ದಾರಿಯಲ್ಲಿರುವವರು ಅದನ್ನು ಕೇಳಿ, ದೇವರು ನನ್ನನ್ನೇ ಬಿಟ್ಟಿದ್ದಾನೆ ಅಂದುಕೊಂಡು ಮನೆಗೆ ಹೋಗುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಜಯಜೀವಿತ, ಮುಂದಿನ ಹಂತದ ಅಭಿಷೇಕ, ನಿನ್ನ ಶ್ರೇಷ್ಠ ದಿನಗಳು ಮುಂದಿವೆ, ಇವೆಲ್ಲ ಕೂಟಗಳಲ್ಲಿ ತರ್ಜುಮೆ ಮಾಡಿ ಹೇಳಿದ್ದನ್ನು ಕೇಳಿ ಕೇಳಿ ನಿನ್ನ ಕೈಗೆ ಬಂದಿವೆ. ನಿನ್ನ ಅಜ್ಜಿ ಹೀಗೆ ಪ್ರಾರ್ಥನೆ ಮಾಡುತ್ತಿದ್ದರಾ? ನೆನಪಿಸಿಕೋ. ಮಿಶನರಿ ಕಿಟೆಲ್ ಜರ್ಮನಿಯಿಂದ ಬಂದು, ವರ್ಷಗಟ್ಟಲೆ ನಮ್ಮ ಜನರ ಮಾತನ್ನು ಕೇಳಿ ಕೇಳಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದೊಡ್ಡ ನಿಘಂಟಿನಲ್ಲಿ ಗಾದೆಗಳನ್ನೂ ಬಿಡದೆ ಸೇರಿಸಿದರು. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಸಭಾಪಾಲಕರು, ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಒಬ್ಬ ಪಾಸ್ಟರ್! ನನಗೆ ಇದನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ. ಊರಿನ ಮಾತನ್ನು ಅಷ್ಟು ಪ್ರೀತಿಸಿದವರ ಸಾಲಿನಲ್ಲಿ ನೀನೂ ಇದ್ದೀಯ. ಹಾಗಾಗಿ ನಿನ್ನ ಬರಹವನ್ನು ಕಳಿಸುವ ಮೊದಲು ಪಕ್ಕದ ಮನೆಯವರಿಗೆ, ಚರ್ಚಿಗೆ ಎಂದೂ ಬರದವರಿಗೆ, ಓದಿ ಹೇಳು. ಅವರು ಎಲ್ಲಿ ಮುಖ ಗಂಟು ಹಾಕುತ್ತಾರೋ ಅಲ್ಲಿ ಮಾತು ಬದಲಿಸು.

ಯೆರೆಮೀಯನ ವಿಷಯ ಬಿಟ್ಟುಹೋಯಿತು. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುವ ಯೋಚನೆ ನನಗಿದೆ ಅಂತ ದೇವರು ಹೇಳುವ ಮಾತು ಅದು, ಇಪ್ಪತ್ತೊಂಬತ್ತನೇ ಅಧ್ಯಾಯದ ಹನ್ನೊಂದನೇ ವಚನ. ನೀನು ಅದನ್ನಿಟ್ಟು, ಈ ತಿಂಗಳೇ ಉತ್ತರ ಬರುತ್ತದೆ ನಂಬಿರಿ ಅಂತ ಬರೆದೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತಿದೆ ಮಗಳೇ. ಅದು ಕೂಡ ಒಂದು ಪತ್ರ, ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದದ್ದು. ಬೇಗ ವಾಪಸ್ ಹೋಗುತ್ತೀರಿ ಅನ್ನುವವರ ಮಾತು ನಂಬಬೇಡಿ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ ಅನ್ನುತ್ತದೆ. ದೇವರು ಹೇಳದ ತಾರೀಕನ್ನು ನಾವು ಹೇಳಬಾರದು. ತಿಂಗಳು ಮುಗಿದು ಕೆಲಸ ಸಿಗದಿದ್ದರೆ ನಿನ್ನ ಓದುಗರು ನಿನ್ನನ್ನಲ್ಲ, ತಮ್ಮ ನಂಬಿಕೆಯನ್ನೇ ಅನುಮಾನಿಸುತ್ತಾರೆ. ಆ ಭಾರ ಅವರ ತಲೆ ಮೇಲೆ ಹಾಕಬೇಡ.

ಇನ್ನೊಂದು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮನಸ್ಸು ಕುಗ್ಗಿದವರಿಗೆ ನಿಮ್ಮ ನಂಬಿಕೆ ಕಡಿಮೆ ಅಂತ ಯಾವತ್ತೂ ಬರೀಬೇಡ. ಎಲೀಯ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂದಾಗ ದೇವರು ಮೊದಲು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮಾತೆಲ್ಲ ಆಮೇಲೆ. ಯಾರಾದರೂ ನಿನಗೆ ಬದುಕು ಬೇಡವಾಗಿದೆ ಅಂತ ಬರೆದರೆ ವಚನ ಕಳಿಸಿ ಸುಮ್ಮನಾಗಬೇಡ. ಕೂಡಲೇ ಫೋನ್ ಮಾಡು, ಹತ್ತಿರದವರನ್ನು ಅವರ ಮನೆಗೆ ಕಳಿಸು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಪ್ರಾರ್ಥನೆ ಸಾಕು, ಮಾತ್ರೆ ಬಿಡಿ ಅನ್ನುವ ಅರ್ಥ ಬರುವ ಒಂದು ಸಾಲೂ ನಿನ್ನ ಬರಹದಲ್ಲಿ ಇರಬಾರದು. ಪ್ರಾರ್ಥನೆಯೂ ಮಾಡು, ಮನಸಾರೆ ಮಾಡು.

ಪ್ರಾರ್ಥನೆಗೆ ಅಂತ ನಂಬಿ ಹೇಳಿಕೊಂಡದ್ದನ್ನು ಅವರನ್ನು ಕೇಳದೆ ಬರಹಕ್ಕೆ ತರಬೇಡ, ಹೆಸರು ಬಿಟ್ಟರೂ ಸರಿ. ನಾನು ಹೆಸರು ಬಿಟ್ಟೇ ಬರೆದಿದ್ದೆ.

ದಿನಾ ಆರು ಗಂಟೆಗೆ ಕಳಿಸಲೇಬೇಕು ಅನ್ನುವುದನ್ನೂ ಸ್ವಲ್ಪ ಯೋಚಿಸು. ವಾರಕ್ಕೆ ಎರಡು ಸಾಕು ಅಂತ ನನ್ನ ಲೆಕ್ಕ. ಉಳಿದ ದಿನ ಬೆಳಿಗ್ಗೆ ಬರೆಯುವುದಕ್ಕಲ್ಲದೆ ನಿನಗಾಗಿ ಮಾತ್ರ ಸತ್ಯವೇದ ಓದು, ಯಾರಿಗೂ ಕಳಿಸದೆ.

ಆ ಮೂರನೇ ಬರಹ ಮತ್ತೆ ಬರೆ. ಶರ್ಟಿನ ಸಾಲಿನಿಂದಲೇ ಶುರುಮಾಡು. ಮೊದಲು ಅಪ್ಪನನ್ನು ಕೇಳು. ಬೇಡ ಅಂದರೆ ಬಿಟ್ಟುಬಿಡು, ಇನ್ನೊಂದು ಬರೆಯೋಣ. ಹೂಂ ಅಂದರೆ, ಬೆಳಿಗ್ಗೆ ಅವರು ಇಸ್ತ್ರಿ ಮಾಡುವಾಗ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತ್ಕೋ, ಫೋನ್ ಒಳಗಿಟ್ಟು ಬಾ. ಯಾಕಪ್ಪಾ ದಿನಾ ಇಸ್ತ್ರಿ ಮಾಡ್ತೀರಿ ಅಂತ ಕೇಳು. ಅವರು ಏನು ಹೇಳಿದರು ಅಂತ ನನಗೆ ತಿಳಿಸು. ನಿಮ್ಮ ಮನೆಗಾಗಿ ನಾನು ದಿನಾ ಪ್ರಾರ್ಥಿಸುತ್ತಿದ್ದೇನೆ, ಅಪ್ಪನ ಕೆಲಸಕ್ಕಾಗಿಯೂ.

ಪ್ರೀತಿಯಿಂದ,
ನಿನ್ನ ಆಂಟಿ